ಇನ್ನು ಮುಂದೆ ರೊಟ್ಟಿ ಡಬ್ಬಿಯಲ್ಲಿ ಪುಕ್ಕಟೆ ಹಿಂಡಿ ಇರುವುದಿಲ್ಲ

ಅಕ್ಕಾರೇ, ಅಣ್ಣಾರೇ, ನಮಸ್ಕಾರ್ರಿ.

ಸುತ್ತಿ ಬಳಸದೆ ಹೇಳಿಬಿಡುತ್ತೇವೆ. ಬರುವ ತಿಂಗಳು 1ನೇ ತಾರೀಖಿನಿಂದ, ಪ್ರತಿ ಆರ್ಡರ್ ಜೊತೆ ಸುಮ್ನೆ ಇಟ್ಟು ಕಳಿಸುತ್ತಿದ್ದ ಗುರೆಳ್ಳು ಹಿಂಡಿಯ (ಚಟ್ನಿಪುಡಿಯ) ಸಣ್ಣ ಪಾಕೀಟು ಇರುವುದಿಲ್ಲ. ರೊಟ್ಟಿಯ ದರ ಏರಿಸಿಲ್ಲ. ಎಣಿಕೆ ಕಡಿಮೆ ಮಾಡಿಲ್ಲ. ಜೋಳವೂ ಅದೇ ಮಾಲದಂಡಿ. ಹಿಂಡಿ ಮಾತ್ರ ನಿಲ್ಲುತ್ತದೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನೀವು ಕೇಳೇ ಕೇಳುತ್ತೀರಿ. ಟಿಬಿ ರೋಗಿಗಳ ಮನೆಗೆ ದಿನಸಿ ಕೊಡಲಿಕ್ಕೆ. ಯಾಕೆ, ಹೇಗೆ ಅಂತ ಹೇಳಲಿಕ್ಕೇ ಈ ಪತ್ರ.

ನಮ್ಮಲ್ಲಿ ರೊಟ್ಟಿ ಬಡಿಯುವವರು 14 ಮಂದಿ. ಎಲ್ಲರೂ ಹೆಣ್ಣುಮಕ್ಕಳು, ಎಲ್ಲರೂ ವಿಜಯಪುರದ ಸುತ್ತಮುತ್ತಲಿನವರೇ. ಅವರಲ್ಲಿ ಒಬ್ಬ ಅಕ್ಕನ ಗಂಡ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದರು. ಕೆಮ್ಮು ಶುರುವಾದಾಗ ಬೀಡಿ ಕೆಮ್ಮು ಅಂದರು, ಆಮೇಲೆ ಮೆಣಸಿನಕಾಯಿ ಚೀಲದ ಘಾಟು ಅಂದರು, ಕೊನೆಗೆ ಕಫ ಪರೀಕ್ಷೆ ಮಾಡಿಸಿದರೆ ಟಿಬಿ. 6 ತಿಂಗಳ ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕಿತು, ಅದರ ಬಗ್ಗೆ ಏನೂ ತಕರಾರಿಲ್ಲ. ಆದರೆ ಚೀಲ ಹೊರುವವನು ಮಲಗಿದರೆ ಮನೆಗೆ ದುಡ್ಡು ಎಲ್ಲಿಂದ ಬರಬೇಕು? ಊಟಕ್ಕೆ ಅಂತ ಸರ್ಕಾರ ಖಾತೆಗೆ ಹಾಕುತ್ತಿದ್ದದ್ದು ಆಗ ತಿಂಗಳಿಗೆ 500 ರೂಪಾಯಿ. (2024ರ ನವೆಂಬರ್‌ನಿಂದ ಅದು 1,000 ಆಗಿದೆ.) ಗುಳಿಗೆ ಹತ್ತಿದ ಮೇಲೆ ಅವರಿಗೆ ಹಸಿವು ತಿರುಗಿ ಬಂತು. ಹಸಿವು ಬಂದಾಗ ಡಬ್ಬಿಯಲ್ಲಿ ಹಿಟ್ಟು ಇರಲಿಲ್ಲ.

ಇದು ನಮಗೆ ಗೊತ್ತಾಗಿದ್ದು ಮೂರನೇ ತಿಂಗಳು. ಆ ಅಕ್ಕ ದಿನಾ ಸಂಜೆ ಮುರುಕು ರೊಟ್ಟಿ ಕೇಳಿ ಒಯ್ಯುತ್ತಿದ್ದಳು. ಮನೆಯಲ್ಲಿ ಎಮ್ಮೆ ಇರಬೇಕು ಅಂದುಕೊಂಡಿದ್ದೆವು. ಬೆಳಿಗ್ಗೆಯಿಂದ ಸಂಜೆತನಕ ಒಂದೇ ಒಲೆ ಮುಂದೆ ಕೂತವರಿಗೆ ಇಷ್ಟೂ ತಿಳಿಯಲಿಲ್ಲ ಅಂದರೆ ಏನು ಹೇಳುವುದು. ಈಗ ಅವಳ ಗಂಡ ಗುಣವಾಗಿ ಮತ್ತೆ ಮಾರ್ಕೆಟ್ಟಿಗೆ ಹೋಗುತ್ತಾರೆ. ಹೆಸರು ಹಾಕದೆ ಬರೆಯಿರಿ ಅಂತ ಅಕ್ಕನೇ ಒಪ್ಪಿದ ಮೇಲೆ ಇದನ್ನು ಬರೆದಿದ್ದೇವೆ.

ರೊಟ್ಟಿ ತಿನ್ನುವ ನಿಮಗೆ ಒಂದು ಮಾತು: ಟಿಬಿ ಗಾಳಿಯಿಂದ, ರೋಗಿ ಕೆಮ್ಮಿದಾಗ ಹರಡುತ್ತದೆ, ಊಟದಿಂದ ತಟ್ಟೆಯಿಂದ ಅಲ್ಲ. ಆದರೂ ಅಕ್ಕನಿಗೆ ಪರೀಕ್ಷೆ ಮಾಡಿಸಿದ್ದೆವು, ಏನೂ ಇಲ್ಲ ಅಂತ ಬಂತು.

ಆಮೇಲೆ ವಿಚಾರಿಸಿದಾಗ ನಿಕ್ಷಯ ಮಿತ್ರ ಅನ್ನುವ ಯೋಜನೆ ಗೊತ್ತಾಯ್ತು. 2022ರ ಸೆಪ್ಟೆಂಬರ್‌ನಲ್ಲಿ ಶುರುವಾಗಿದ್ದು. ಕಂಪನಿ, ಸಹಕಾರಿ ಸಂಘ, ಒಬ್ಬರೇ ಮನುಷ್ಯರು, ಯಾರು ಬೇಕಾದರೂ ಹೆಸರು ಬರೆಸಿ, ಕಡಿಮೆ ಅಂದರೂ 6 ತಿಂಗಳು ಟಿಬಿ ರೋಗಿಗಳಿಗೆ ದಿನಸಿ ಕೊಡಬಹುದು. ದೊಡ್ಡವರಿಗೆ ತಿಂಗಳ ಲೆಕ್ಕ ಹೀಗಿದೆ: 3 ಕೆಜಿ ಅಕ್ಕಿಯೋ ಜೋಳವೋ, ಒಂದೂವರೆ ಕೆಜಿ ಬೇಳೆ, ಕಾಲು ಕೆಜಿ ಎಣ್ಣೆ, ಜೊತೆಗೆ ಹಾಲಿನ ಪುಡಿ ಅಥವಾ 1 ಕೆಜಿ ಶೇಂಗಾ. ಓದಿ ನಕ್ಕೆವು. ಜೋಳ, ಶೇಂಗಾ, ಎಣ್ಣೆ ನಮ್ಮ ಕೋಣೆಯಲ್ಲೇ ಬಿದ್ದಿವೆ, ತೊಗರಿ ಬೇಳೆಗೆ ನಮ್ಮ ಜಿಲ್ಲೆಯಲ್ಲಿ ಹುಡುಕಬೇಕಾ!

ನಾವೂ ಮಿತ್ರರಾದೆವು. ಈ ಲೆಕ್ಕಕ್ಕೆ 2 ಕೆಜಿ ಜೋಳ ಜಾಸ್ತಿ ಸೇರಿಸುತ್ತೇವೆ. ಮನೆಯಲ್ಲಿ ಐದು ತಟ್ಟೆ ಇರುವಾಗ ಒಬ್ಬರಿಗೇ ಅಂತ ಬೇಯಿಸಿ ಹಾಕುವ ತಾಯಿ ಯಾರೂ ಇಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಜೊತೆಯವರು ಜಾರ್ಖಂಡ್‌ನಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿ 2023ರಲ್ಲಿ ಪ್ರಕಟಿಸಿದರು. ರೋಗಿಯ ಮನೆಮಂದಿಗೂ ಅಕ್ಕಿ ಬೇಳೆ ಕೊಟ್ಟ ಕಡೆ ಅವರಲ್ಲಿ ಹೊಸದಾಗಿ ಟಿಬಿ ಬಂದದ್ದು ಸುಮಾರು ಶೇ. 39ರಷ್ಟು ಕಡಿಮೆ. ಗುಳಿಗೆಯಷ್ಟೇ ರೊಟ್ಟಿಯೂ ಮುಖ್ಯ ಅಂತ ನಮ್ಮ ಅಜ್ಜಿಯರು ಹೇಳಿದರೆ ಕೇಳುತ್ತಿರಲಿಲ್ಲ, ಅಲ್ವಾ?

ಈಗ ದುಡ್ಡಿನ ಲೆಕ್ಕ. ಮೊದಲ ತಿಂಗಳು ಒಂದು ತಪ್ಪು ಮಾಡಿದೆವು. ನಮ್ಮ ರೊಟ್ಟಿ ಬಡಿಯುವವರಲ್ಲಿ ಯಾರು ಎಷ್ಟು ಕೊಟ್ಟರು ಅಂತ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು, ಹುರುಪು ಬರಲಿ ಅಂತ. ಮಗನ ಫೀ ಕಟ್ಟಬೇಕಿದ್ದ ಒಬ್ಬಳು ಕೊಟ್ಟಿರಲಿಲ್ಲ, ಎರಡು ದಿನ ಕೆಲಸಕ್ಕೇ ಬರಲಿಲ್ಲ. ಹಾಳೆ ಹರಿದು ಒಲೆಗೆ ಹಾಕಿದೆವು. ಈಗ ಪಗಾರದ ದಿನ ಮೂಲೆಯಲ್ಲಿ ಒಂದು ಮುಚ್ಚಿದ ಡಬ್ಬಿ ಇಡುತ್ತೇವೆ. ಹಾಕುವವರು ಹಾಕುತ್ತಾರೆ, ಹಾಕದವರನ್ನು ಯಾರೂ ಕೇಳುವುದಿಲ್ಲ, ಪಗಾರದಲ್ಲಿ ಮುರಿದುಕೊಳ್ಳುವ ಮಾತೇ ಇಲ್ಲ. ಹೋದ ತಿಂಗಳು ಡಬ್ಬಿಯಲ್ಲಿ 1,100 ರೂಪಾಯಿ ಇತ್ತು. ಅಷ್ಟೇ ದುಡ್ಡು ಅಂಗಡಿಯ ಲಾಭದಿಂದ ಸೇರಿಸಿದೆವು. ಒಂದು ಮನೆಯ ತಿಂಗಳ ದಿನಸಿ ಬುಟ್ಟಿಗೆ 640ರ ಹತ್ತಿರ ಬೀಳುತ್ತದೆ, ಅಂದರೆ ಮೂರೇ ಮನೆಗೆ ಸಾಕಾಯ್ತು. ಹಿಂಡಿ ಪಾಕೀಟಿಗೆ ಚೀಲ ಸೇರಿ 8 ರೂಪಾಯಿ ಬೀಳುತ್ತಿತ್ತು, ತಿಂಗಳಿಗೆ ಸುಮಾರು 400 ಆರ್ಡರ್, ಅದು 3,200. ಅದೂ ಸೇರಿದರೆ ಎಂಟು ಮನೆ ಆಗುತ್ತದೆ, ಉಳಿದದ್ದು ಆಟೋ ಬಾಡಿಗೆಗೆ. ನಮ್ಮಂಥ ಸಣ್ಣವರಿಗೆ ಇಂಥದ್ದು ಕೊಡಲೇಬೇಕು ಅನ್ನುವ ಕಾನೂನೇನೂ ಇಲ್ಲ, ಅದು ದೊಡ್ಡ ಕಂಪನಿಗಳಿಗೆ.

ಹಿಂಡಿ ನಿಲ್ಲಿಸುತ್ತೇವೆ ಅಂದಿದ್ದಕ್ಕೆ ಒಬ್ಬರು ಬೈದರು, ಅದು ಸರಿಯೇ. ಗ್ರಾಹಕರ ಪಾಕೀಟು ಕಿತ್ತು ದಾನ ಮಾಡುವುದು ಎಂಥ ದಾನ ಅಂದರು. ಅದಕ್ಕೇ ಇದನ್ನು ದಾನ ಅಂತ ನಾವು ಡಬ್ಬಿ ಮೇಲೆ ಅಚ್ಚು ಹಾಕಿಸುವುದಿಲ್ಲ.

ಇನ್ನು ಕೆಲವರು ಬಿಲ್ಲಿನ ಮೇಲೆ ನೂರಿನ್ನೂರು ಜಾಸ್ತಿ ಫೋನ್‌ಪೇ ಮಾಡುತ್ತಿದ್ದೀರಿ. ದಯವಿಟ್ಟು ಬೇಡ. ನಮ್ಮದು ಟ್ರಸ್ಟ್ ಅಲ್ಲ, 80ಜಿ ರಸೀದಿ (ಆದಾಯ ತೆರಿಗೆ ವಿನಾಯಿತಿಗೆ ಬೇಕಾದ ದಾನದ ರಸೀದಿ) ಕೊಡಲಿಕ್ಕೆ ಬರುವುದಿಲ್ಲ, ಲೆಕ್ಕವೂ ಕಲಸುಮೇಲೋಗರ ಆಗುತ್ತದೆ. ಕೊಡುವ ಮನಸ್ಸಿದ್ದರೆ ನಿಮ್ಮ ಜಿಲ್ಲೆಯ ಕ್ಷಯರೋಗ ಕೇಂದ್ರಕ್ಕೆ ಹೋಗಿ ನೀವೇ ಮಿತ್ರರಾಗಿ. ನಿಮ್ಮ ಆಫೀಸಿನ ನಾಲ್ಕು ಜನ ಸೇರಿದರೆ ಒಂದು ಮನೆಯ ಆರು ತಿಂಗಳು ಸಲೀಸಾಗಿ ನಡೆಯುತ್ತದೆ.

ಫೋಟೋ ಹಾಕಿ ಅಂತಲೂ ಕೇಳಬೇಡಿ. ಟಿಬಿ ಅಂದರೆ ಈಗಲೂ ಮಗಳ ಸಂಬಂಧ ಮುರಿಯುವ ಜನ ಇದ್ದಾರೆ. ಬುಟ್ಟಿ ಹಿಡಿದು ನಿಲ್ಲಿಸಿ ಫೋಟೋ ತೆಗೆಯುವುದು ನಮ್ಮಿಂದ ಆಗದು.

ಈಗಾಗಲೇ ದುಡ್ಡು ಕಟ್ಟಿದ ಆರ್ಡರ್‌ಗಳಿಗೆ ಹಿಂಡಿ ಪಾಕೀಟು ಬಂದೇ ಬರುತ್ತದೆ. ಗುರೆಳ್ಳು ಹಿಂಡಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ ಅನ್ನುವವರು ಆರ್ಡರ್ ಮಾಡುವಾಗ ಕಾಲು ಕೆಜಿ ಅಂತ ಬರೆಯಿರಿ, ಹಳೇ ದರಕ್ಕೇ ಕೊಡುತ್ತೇವೆ.

ನಿಮ್ಮ ರೊಟ್ಟಿ ಮನೆಯವರು,
ವಿಜಯಪುರ