ಕಾಫಿ ಪುಡಿಯ ಹೊಸ ಬೆಲೆ ಮತ್ತು ನಮ್ಮ ವೇತನ ನಿಯಮ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸಹಕಾರ ಸಂಘದ ಕಾಫಿ ಪುಡಿಯ ಬೆಲೆ ಅರ್ಧ ಕಿಲೋಗೆ 20 ರೂಪಾಯಿ ಹೆಚ್ಚಲಿದೆ. ಬೀಜದ ದರವಾಗಲಿ ಚಿಕೋರಿಯ ದರವಾಗಲಿ ಇದಕ್ಕೆ ಕಾರಣವಲ್ಲ. ಕುಯ್ಲಿನವರ, ಕಣದಲ್ಲಿ ದುಡಿಯುವವರ ಮತ್ತು ಬೀಜ ಆರಿಸುವ ಹೆಂಗಸರ ಕೂಲಿಯನ್ನು ಹೆಚ್ಚಿಸಿದ್ದೇವೆ. ಜೊತೆಗೆ, ಸಂಘದ ಅತಿ ಹೆಚ್ಚಿನ ಸಂಬಳವು ಅತಿ ಕಡಿಮೆ ಸಂಬಳದ ನಾಲ್ಕು ಪಟ್ಟನ್ನು ಮೀರಬಾರದೆಂದು ಮಹಾಸಭೆಯಲ್ಲಿ ನಿರ್ಣಯಿಸಿದ್ದೇವೆ. ಇದರಿಂದ ವ್ಯವಸ್ಥಾಪಕರ ಸಂಬಳದಲ್ಲಿ ಉಳಿಯುವ ಹಣವೂ ಕೂಲಿಗೇ ಸೇರುತ್ತದೆ. ಸಾಲದೆ ಬಂದಷ್ಟನ್ನು ಮಾತ್ರ ತಮ್ಮಿಂದ ಕೇಳುತ್ತಿದ್ದೇವೆ.

ರೋಬಸ್ಟಾ ಕಾಫಿ ಗಿಡದ ಬುಡಕ್ಕೆ ಗೋಣಿತಾಟು ಹಾಸಿ, ಕೊಂಬೆ ಬಗ್ಗಿಸಿ, ಕೆಂಜಿಗದ ಕಡಿತ ಸಹಿಸಿಕೊಂಡು ಹಣ್ಣು ಕುಯ್ದು, ಎಲೆ ಕಡ್ಡಿ ಬೇರ್ಪಡಿಸಿ, ಸಂಜೆ ಮೂಟೆಯನ್ನು ತೂಕದ ಜಾಗಕ್ಕೆ ಹೊತ್ತು ತರುವವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ಫಸಲು ತೆಳುವಾಗಿರುವ ಗಿಡಗಳಲ್ಲಿ ಅಷ್ಟೇ ಹೊತ್ತು ದುಡಿದರೂ ತೂಕ ಬರುವುದಿಲ್ಲ; ಅದು ಅವರ ಸೋಮಾರಿತನವಲ್ಲ. ಆದ್ದರಿಂದ ತೂಕ ಎಷ್ಟೇ ಬರಲಿ, ಇನ್ನು ಮುಂದೆ ಖಾತ್ರಿಯಾದ ದಿನಗೂಲಿಗಿಂತ ಕಡಿಮೆ ಯಾರಿಗೂ ಸಿಗುವುದಿಲ್ಲ.

ಕೂಲಿಯನ್ನು ಮಾರುಕಟ್ಟೆಯೇ ನಿರ್ಧರಿಸಲಿ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. 2024ರಲ್ಲಿ ರೋಬಸ್ಟಾ ದರ ದಾಖಲೆಯ ಎತ್ತರಕ್ಕೆ ಏರಿತು, ಆದರೆ ದರ ಏರಿದ ಮಾತ್ರಕ್ಕೆ ಕೂಲಿ ತಾನಾಗಿ ಏರುವುದಿಲ್ಲ. ದರ ಕುಸಿದಾಗ ಮಾತ್ರ ಎಲ್ಲರ ಕಣ್ಣು ಮೊದಲು ಬೀಳುವುದು ಕೂಲಿಯ ಮೇಲೆಯೇ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿಯೇ ಹೇಳಿದೆ. ಆದರೆ 43ನೇ ವಿಧಿಯ ಆಶಯ ಅಷ್ಟಕ್ಕೇ ನಿಲ್ಲದೆ, ಗೌರವದಿಂದ ಬಾಳಲು ಸಾಕಾಗುವ ಜೀವನ ವೇತನದವರೆಗೆ ಹೋಗುತ್ತದೆ.

ಸಂಬಳದ ಅಂತರದ ವಿಷಯದಲ್ಲಿ, ನಿರ್ದೇಶಕರ ಸಂಬಳ ನೌಕರರ ಮಧ್ಯಮ ಸಂಬಳದ ಎಷ್ಟು ಪಟ್ಟು ಎಂಬುದನ್ನು ಷೇರುಪೇಟೆಯ ಕಂಪನಿಗಳು ಪ್ರಕಟಿಸಬೇಕೆಂದು 2013ರ ಕಂಪನಿ ಕಾಯ್ದೆ ವಿಧಿಸುತ್ತದೆ. ಆದರೆ ಅದು ಎಷ್ಟು ಪಟ್ಟು ಇರಬಹುದೆಂಬುದಕ್ಕೆ ಮಿತಿಯನ್ನೇನೂ ಹಾಕುವುದಿಲ್ಲ. ಪ್ರಕಟಿಸಿದರಷ್ಟೇ ಸಾಲದು ಎಂಬುದು ನಮ್ಮ ನಿಲುವು. ಸ್ಪೇನಿನಲ್ಲಿ 1956ರಲ್ಲಿ ಆರಂಭವಾದ ಮೊಂಡ್ರಾಗನ್ ಸಹಕಾರಿಗಳು ಅತಿ ಹೆಚ್ಚಿನ ಸಂಬಳಕ್ಕೆ ಮೊದಲು ಅತಿ ಕಡಿಮೆ ಸಂಬಳದ ಮೂರು ಪಟ್ಟಿನ ಮಿತಿ ಇಟ್ಟುಕೊಂಡಿದ್ದವು, ಈಗ ಸಾಮಾನ್ಯವಾಗಿ ಆರು ಪಟ್ಟಿನೊಳಗಿವೆ. ಮಿತಿ ಹಾಕಿಕೊಂಡೂ ಅವು ದೊಡ್ಡ ಉದ್ಯಮಗಳಾಗಿ ಬೆಳೆದಿವೆ.

ಪೊಟ್ಟಣದ ತೂಕವಾಗಲಿ ಚಿಕೋರಿಯ ಪ್ರಮಾಣವಾಗಲಿ ಬದಲಾಗುವುದಿಲ್ಲ. ಈಗಾಗಲೇ ಹಣ ಕಟ್ಟಿರುವವರಿಗೆ ಹಳೆಯ ಬೆಲೆಯಲ್ಲೇ ಪುಡಿ ಕಳುಹಿಸುತ್ತೇವೆ. ನಮ್ಮ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಸಂಬಳದ ವಿವರವನ್ನು ಪ್ರತಿವರ್ಷ ಕುಯ್ಲು ಮುಗಿದ ಮೇಲೆ ಗ್ರಾಹಕರೆಲ್ಲರಿಗೂ ತಿಳಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಆಡಳಿತ ಮಂಡಳಿ
ಕಾಫಿ ಬೆಳೆಗಾರರ ಸಹಕಾರ ಸಂಘ, ಕೊಡಗು