ವೀಣಾಳ ಲೂಪಿನ ಲೆಕ್ಕದ ಬಗ್ಗೆ

ಚಿತ್ರದುರ್ಗ

ಚಿರಂಜೀವಿ ವೀಣಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

‘ಸಾಲು ಸಾಲಾಗಿ ಎಣಿಸಿ ಬರೆದ ಡಿಲೇ ಲೂಪ್ ಕೂಡ ಲೆಕ್ಕಕ್ಕೆ ಸಿಗುತ್ತಿಲ್ಲ, ಈ ವಿದ್ಯೆ ನನ್ನ ತಲೆಗೆ ಹತ್ತುವುದಿಲ್ಲವೇನೋ’ ಎಂದು ಪತ್ರದ ಕೊನೆಯಲ್ಲಿ ಬರೆದಿರುವೆಯಲ್ಲ, ಆ ಮಾತು ನನ್ನ ನಿದ್ದೆ ಕೆಡಿಸಿದೆ.

ಚಿಪ್ಪನ್ನು ಸ್ವಲ್ಪ ಹೊತ್ತು ಕಾಯಿಸಲೆಂದೇ 256 ಸಲ ಸುತ್ತುವ ಆ ಲೂಪಿನಲ್ಲಿ ಇರುವುದು ಎರಡೇ ಇನ್‌ಸ್ಟ್ರಕ್ಷನ್ (ಆದೇಶ); ಒಂದೊಂದಕ್ಕೂ 1 ಮೈಕ್ರೊಸೆಕೆಂಡ್ ಎಂದು ಹಿಡಿದ ನಿನ್ನ ಲೆಕ್ಕ 512 ಮೈಕ್ರೊಸೆಕೆಂಡ್, ಲ್ಯಾಬಿನ ಆಸಿಲೋಸ್ಕೋಪ್ ಅಳೆದು ತೋರಿಸಿದ್ದು ಸುಮಾರು 770. ನಿನ್ನ ಪಿಕ್ 16ಎಫ್84 ಎಂಬ ಮೈಕ್ರೊಕಂಟ್ರೋಲರ್ ಚಿಪ್ಪಿನಲ್ಲಿ ಪ್ರೋಗ್ರಾಂ ಮೆಮೊರಿಗೂ ಡೇಟಾ ಮೆಮೊರಿಗೂ ಬೇರೆ ಬೇರೆ ಬಸ್, ಎಂದರೆ ಮಾಹಿತಿ ಸಾಗುವ ದಾರಿ, ಇರುವುದರಿಂದ, ಒಂದು ಇನ್‌ಸ್ಟ್ರಕ್ಷನ್ ನಡೆಯುತ್ತಿರುವಾಗಲೇ ಮುಂದಿನ ವಿಳಾಸದಲ್ಲಿರುವುದನ್ನು ಅದು ತಂದಿಟ್ಟುಕೊಂಡಿರುತ್ತದೆ. ಹೀಗಾಗಿ ನಾಲ್ಕು ಕ್ಲಾಕಿನ ಒಂದು ಸೈಕಲ್‌ನಲ್ಲಿ, ಎಂದರೆ 4 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ 1 ಮೈಕ್ರೊಸೆಕೆಂಡಿನಲ್ಲಿ, ಒಂದು ಇನ್‌ಸ್ಟ್ರಕ್ಷನ್ ಮುಗಿಯುತ್ತದೆ. ಆದರೆ ಬೇರೆ ವಿಳಾಸಕ್ಕೆ ಹಾರಿಸುವ ‘ಗೋಟೂ’ ಬಂದಾಗ ತಂದಿಟ್ಟುಕೊಂಡದ್ದು ಕೆಲಸಕ್ಕೆ ಬಾರದೆ, ಹೊಸ ವಿಳಾಸದಿಂದ ತರುವುದಕ್ಕೆ ಇನ್ನೊಂದು ಸೈಕಲ್ ಹೋಗುತ್ತದೆ. ಎಣಿಕೆಯನ್ನು ಒಂದು ಇಳಿಸಿ, ಸೊನ್ನೆಯಾದರೆ ಮುಂದಿನದನ್ನು ದಾಟುವ ‘ಡಿಇಸಿಎಫ್‌ಎಸ್‌ಝಡ್’ಗೆ 1, ‘ಗೋಟೂ’ಗೆ 2, ಒಂದು ಸುತ್ತಿಗೆ 3, ಕೊನೆಯ ಸುತ್ತಿನಲ್ಲಿ ‘ಗೋಟೂ’ವನ್ನು ದಾಟಿ ಹೋಗುವುದರಿಂದ 2 ಮಾತ್ರ. 256 ಸುತ್ತಿಗೆ 767 ಆಯಿತಲ್ಲವೇ? ತಲೆಗೆ ಹತ್ತದವಳಾಗಿದ್ದರೆ ಆ ಅಂತರ ನಿನ್ನ ಕಣ್ಣಿಗೇ ಬೀಳುತ್ತಿರಲಿಲ್ಲ, ಮಗಳೇ.

ದಾವಣಗೆರೆಯಲ್ಲಿ ನಾನು ಕೊಳವೆಬಾವಿ ಮೋಟಾರುಗಳಿಗೆ ಕಂಟ್ರೋಲ್ ಬೋರ್ಡ್ ಮಾಡುತ್ತಿದ್ದ ದಿನಗಳಲ್ಲಿ ಎಲ್ಲವೂ 8051 ಎಂಬ ಚಿಪ್ಪು. ಅದರಲ್ಲಿ ಮೆಷಿನ್ ಸೈಕಲ್ ಒಂದಕ್ಕೆ 12 ಕ್ಲಾಕ್. ಎಣಿಕೆ ಇಳಿಸಿ, ಸೊನ್ನೆಯಾಗದಿದ್ದರೆ ಹಾರುವ ‘ಡಿಜೆಎನ್‌ಝಡ್’ ಹಿಂದಕ್ಕೆ ಹಾರಿದರೂ ಹಾರದಿದ್ದರೂ 2 ಸೈಕಲ್. ಆ ಲೆಕ್ಕ ಬಾಯಿಪಾಠವಾಗಿದ್ದ ನನ್ನ ಜೊತೆಗಾರನೊಬ್ಬ ಪಿಕ್ ಬಂದಾಗ ನಿನ್ನ ಹಾಗೆಯೇ ಕಂಗೆಟ್ಟು, ನಿನ್ನ ಮಾತನ್ನೇ ಆಡಿ, ಕೆಲಸ ಬಿಟ್ಟು ಚನ್ನಗಿರಿ ಕಡೆಯ ತನ್ನ ಅಡಿಕೆ ತೋಟಕ್ಕೆ ಹೊರಟುಹೋದ. ಸೋಲ್ಡರ್ ಹಾಕುವಾಗ ಒಂದು ಚೂರೂ ನಡುಗದ ಕೈ ಅವನದು. ಚಿಪ್ಪಿನ ವಿವರ ಕೊಡುವ ಡೇಟಾಶೀಟಿನಲ್ಲಿ ಸೈಕಲ್ ಲೆಕ್ಕವಿರುವ ಆ ಒಂದು ಪುಟವನ್ನು ಅವನ ಮುಂದೆ ಬಿಡಿಸಿ ಕೂರುವವರು ಆಗ ನಮ್ಮಲ್ಲಿ ಯಾರೂ ಇರಲಿಲ್ಲವೆಂಬ ಕೊರಗು ನನಗೆ ಇಂದಿಗೂ ಇದೆ. ನಿನ್ನ ಪತ್ರ ಓದಿದಾಗ ಅವನದೇ ದನಿ ಕೇಳಿದಂತಾಯಿತು; ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್‌ಸ್ಟ್ರಕ್ಷನ್ ಪಟ್ಟಿಯಲ್ಲಿ ಸೈಕಲ್ ಎಂಬ ಕಾಲಂ ಇರುತ್ತದೆ, ನಿಮ್ಮ ಮೇಷ್ಟ್ರು ಹೇಳಿಯೂ ಇರಬಹುದು; ‘1(2)’, ಎಂದರೆ ಸಾಮಾನ್ಯವಾಗಿ 1, ಮುಂದಿನದನ್ನು ದಾಟಿದರೆ 2, ಎಂದಿರುವ ಕಡೆ ಬೆರಳಿಟ್ಟು ನೋಡು. ಚಿಪ್ಪಿಲ್ಲದೆ ಕಂಪ್ಯೂಟರಿನಲ್ಲೇ ಪ್ರೋಗ್ರಾಂ ಓಡಿಸಿ ನೋಡುವ ಸಿಮ್ಯುಲೇಟರಿನಲ್ಲಿ ಸ್ಟಾಪ್‌ವಾಚ್ ಇದೆ. ದೊಡ್ಡ ಡಿಲೇಗಳಿಗೆ ಲೂಪಿಗಿಂತ ಚಿಪ್ಪಿನೊಳಗಿನ ಟೈಮರ್ ವಾಸಿ ಎಂದು ನನಗೆ ಅನ್ನಿಸುತ್ತದೆ, ಆದರೆ ಈಗಿನ ಪಾಠಕ್ರಮ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಲೂಪಿನೊಳಗೊಂದು ಲೂಪ್ ಬರೆದು, ಅದರ ಸೈಕಲ್ ಲೆಕ್ಕವನ್ನು ಮುಂದಿನ ಪತ್ರದಲ್ಲಿ ಕಳಿಸು. ನಾನೂ ಇಲ್ಲಿ ಎಣಿಸಿಟ್ಟುಕೊಂಡಿರುತ್ತೇನೆ. ತಲೆಗೆ ಹತ್ತುವುದಿಲ್ಲ ಎಂಬ ಮಾತನ್ನು ಮಾತ್ರ ಇನ್ನೊಮ್ಮೆ ಬರೆಯಬೇಡ, ತಾಯಿ.

ಇಂತಿ,
ನಿನ್ನ ದೊಡ್ಡಪ್ಪ