ಅಮೆರಿಕದ ಆನ್ ಆರ್ಬರ್‌ನ ಕುಳ್ಳನಿಗೆ, ಕೋಲಾರದಿಂದ

ಲೋ ಕುಳ್ಳ,

ನಿಮ್ಮೂರಿನ ಡಾಮಿನಿಕನ್ ಸಿಸ್ಟರ್‌ಗಳ, ಅಂದ್ರೆ ಆ ಹೆಸರಿನ ಕ್ಯಾಥೊಲಿಕ್ ಪಂಥದ ಸನ್ಯಾಸಿನಿಯರ, ಫೋಟೋ ಕಳಿಸಿದ್ದೆಯಲ್ಲ, ನೋಡಿದೆ. ಬಿಳಿ ನಿಲುವಂಗಿ, ಕಪ್ಪು ಮುಸುಕು, ಸೊಂಟದಲ್ಲಿ ಜಪಸರ, ಆದರೆ ಮುಖ ನೋಡಿದರೆ ಈಗ ತಾನೇ ಡಿಗ್ರಿ ಮುಗಿಸಿದ ಹುಡುಗಿಯರು! ಸಿಸ್ಟರ್ ಅಂದ್ರೆ ನಮಗೆ ದಪ್ಪ ಕನ್ನಡಕ, ಕೈಯಲ್ಲಿ ಸ್ಕೇಲು, ಅಲ್ವಾ?

ಆಮೇಲೆ ಕೂತು ಒಂದಷ್ಟು ಓದಿದೆ ಕಣೋ. 1997ರಲ್ಲಿ ನ್ಯಾಶ್‌ವಿಲ್‌ನ ಡಾಮಿನಿಕನ್ ಮಠದಿಂದ ಬಂದ ನಾಲ್ಕೇ ಜನ ಇವರ ಮಠ ಶುರು ಮಾಡಿದ್ದಂತೆ, ಈಗ ನೂರು ದಾಟಿದ್ದಾರೆ. ಮೊದಮೊದಲು ನೆರವಿಗೆ ನಿಂತವರಲ್ಲಿ ಡಾಮಿನೋಸ್ ಪಿಜ್ಜಾ ಕಟ್ಟಿದ ಟಾಮ್ ಮೊನಾಹನ್ ಕೂಡ ಒಬ್ಬರು. ಡಾಮಿನಿಕನ್ನರಿಗೆ ಡಾಮಿನೋಸ್, ಸುಮ್ನೆ ನಗು ಬಂತು.

1965ರಲ್ಲಿ ಅಮೆರಿಕದಲ್ಲಿ ಸುಮಾರು 1,80,000 ಸಿಸ್ಟರ್‌ಗಳಿದ್ದರು, ಈಗ 40,000ಕ್ಕೂ ಕಡಿಮೆ. ಎಷ್ಟೋ ಮಠಗಳು ನಿಲುವಂಗಿ ಬಿಟ್ಟು ಮಾಮೂಲಿ ಬಟ್ಟೆಗೆ ಬಂದವು. ಜನ ಸೇರಬೇಕು ಅಂದ್ರೆ ನಾನೂ ನಿಯಮ ಸಡಿಲ ಮಾಡ್ತಿದ್ದೆನೇನೋ. ಇವರು ಬಿಗಿಯಾಗೇ ಇಟ್ಟರು, ಹುಡುಗಿಯರು ಅಲ್ಲಿಗೇ ಬಂದರು. ಸೇರಿದ ಕೂಡಲೇ ಸಿಸ್ಟರ್ ಆಗೋದೂ ಇಲ್ಲ, ಜೀವನಪೂರ್ತಿ ಇರ್ತೀನಿ ಅನ್ನೋ ಕೊನೆಯ ವ್ರತಕ್ಕೆ ಏಳೆಂಟು ವರ್ಷ ಬೇಕು, ಅಷ್ಟರಲ್ಲಿ ಮನಸ್ಸು ಬದಲಾದರೆ ಮನೆಗೆ ಹೋಗಬಹುದು.

ನನಗೆ ನಮ್ಮ ನಾಲ್ಕನೇ ಕ್ಲಾಸಿನ ಸಿಸ್ಟರ್ ನೆನಪಾದರು. ಏಪ್ರಿಲ್‌ನಲ್ಲಿ ಎಲ್ಲರ ಹಳೇ ನೋಟ್‌ಬುಕ್ ತರಿಸಿಕೊಂಡು, ಉಳಿದ ಖಾಲಿ ಹಾಳೆಗಳನ್ನು ಕಿತ್ತು, ದಬ್ಬಳದಲ್ಲಿ ತೂತು ಮಾಡಿ, ದಪ್ಪ ದಾರದಲ್ಲಿ ಹೊಲಿದು ರಫ್ ಬುಕ್ ಮಾಡ್ತಿದ್ದರು, ಪುಸ್ತಕ ಕೊಳ್ಳೋಕೆ ಆಗದವರಿಗೆ ಅಂತ. ನನಗೂ ಒಂದು ಸಿಕ್ಕಿತ್ತು. ಒಂದು ಹಾಳೆ ನಾಲ್ಕು ಗೆರೆಯದು, ಮುಂದಿನದು ಚೌಕಳಿ, ಅದರ ಮುಂದಿನದರ ಮೂಲೆಯಲ್ಲಿ ಇನ್ಯಾರದೋ ಎಣ್ಣೆ ಬೆರಳು. ಇಂಗ್ಲಿಷ್ ಗೆರೆ ಮೇಲೆ ಭಾಗಾಕಾರ ಮಾಡಿದ್ದೇ ಜಾಸ್ತಿ. ಸ್ವಂತಕ್ಕೆ ಏನೂ ಇಟ್ಟುಕೊಳ್ಳದ ಬಡತನದ ವ್ರತ ಅಂತ ಸಿಸ್ಟರ್‌ಗಳಿಗೆ ಒಂದಿದೆ ಅನ್ನೋದು ಆಗ ಗೊತ್ತಿರಲಿಲ್ಲ, ಸಿಸ್ಟರ್ ಜಿಪುಣಿ ಅಂತಲೇ ನಾವಿಬ್ಬರೂ ಆಡಿಕೊಂಡಿದ್ದು.

ಹೋದ ತಿಂಗಳು ನಮ್ಮ ಆ ಸ್ಕೂಲಿನ ಕಡೆ ಹೋಗಿದ್ದೆ. ಕಾನ್ವೆಂಟಿನಲ್ಲಿ ಈಗ ಮೂರೇ ಜನ, ಪಾಠ ಎಲ್ಲ ಹೊರಗಿನ ಟೀಚರ್‌ಗಳದ್ದೇ. ಮನೆಗೊಂದೇ ಹೆಣ್ಣುಮಗು ಇರುವಾಗ ಸಿಸ್ಟರ್ ಆಗೋಕೆ ಯಾರು ಕಳಿಸ್ತಾರೆ ಹೇಳು? ನನ್ನ ಮಗಳು ಕೇಳಿದರೆ ನಾನೇ ಒಪ್ಪಲ್ಲ, ಸುಳ್ಳು ಯಾಕೆ.

ನಿನ್ನ ಮಗಳನ್ನು ನಿಮ್ಮೂರಿನ ಆ ಸಿಸ್ಟರ್‌ಗಳ ಸ್ಕೂಲಿಗೆ ಸೇರಿಸ್ತೀಯೋ ಇಲ್ವೋ, ಅದು ನಿಮ್ಮ ಮನೆ ವಿಷಯ. ಆದರೆ ನೋಡೋಕೆ ಅಂತ ಒಳಗೆ ಹೋದರೆ, ಉಳಿದ ಹಾಳೆಗಳನ್ನು ಏನು ಮಾಡ್ತಾರೆ ಅಂತ ಕೇಳಿ ಬರಿ.

ನಿನ್ನ,
ಉದ್ದ